ಹಿರಿಯರಿರುವ ಮನೆಯ ಒಳಾಂಗಣ: ಪದೇ ಪದೇ ಕೇಳುವ ಪ್ರಶ್ನೆಗಳು

ವಯಸ್ಸಾದವರಿಗಾಗಿ ಮನೆ ಸರಿಪಡಿಸಲು ಹೊರಟವರು ಟೇಪು ಹಿಡಿದು ಮೊದಲು ಗೋಡೆ ಅಳೆಯುತ್ತಾರೆ. ಅದಕ್ಕೂ ಮೊದಲು ಅಳೆಯಬೇಕಾದ್ದು ಆ ಮನುಷ್ಯರನ್ನು. ಅವರ ಮೊಣಕಾಲಿನ ಎತ್ತರ ಎಷ್ಟು, ಕೈ ಎಲ್ಲಿಯವರೆಗೆ ಎಟುಕುತ್ತದೆ, ಏಳುವಾಗ ಯಾವ ಕೈ ಊರುತ್ತಾರೆ, ರಾತ್ರಿ ಎಷ್ಟು ಸಲ ಎದ್ದು ಹೋಗುತ್ತಾರೆ ಎಂಬುದು ಗೊತ್ತಾಗಬೇಕು. ಕೆಳಗೆ ಕೊಟ್ಟಿರುವ ಅಳತೆಗಳು ಬಹಳಷ್ಟು ಜನರಿಗೆ ಹೊಂದುತ್ತವೆ. ನಿಮ್ಮ ಮನೆಯ ಹಿರಿಯರ ಮೈಗೆ ಹೊಂದದಿದ್ದರೆ ಅಳತೆಯನ್ನೇ ಬದಲಿಸಿ, ಅವರನ್ನಲ್ಲ.

ಎಲ್ಲಿಂದ ಶುರು ಮಾಡಬೇಕು?

ಹಾಸಿಗೆಯಿಂದ ಶೌಚಾಲಯಕ್ಕೆ ಹೋಗುವ ದಾರಿಯಿಂದ. ದಿನದಲ್ಲಿ ಅತಿ ಹೆಚ್ಚು ಸಲ, ಅದೂ ನಿದ್ದೆಗಣ್ಣಿನಲ್ಲಿ, ಅವಸರದಲ್ಲಿ ನಡೆಯುವ ದಾರಿ ಅದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಬಿದ್ದು ಸಾಯುವವರ ಸಂಖ್ಯೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000. ಅವರಲ್ಲಿ ಹೆಚ್ಚಿನವರು 60 ದಾಟಿದವರು.

ರಾತ್ರಿ ಅವರು ಏಳುವ ಹೊತ್ತಿಗೆ, ಅವರು ಹಚ್ಚುವ ದೀಪವನ್ನಷ್ಟೇ ಹಚ್ಚಿ, ಅವರ ಹಿಂದೆಯೇ ಒಮ್ಮೆ ನಡೆದು ನೋಡಿ. ಕೈ ಎಲ್ಲೆಲ್ಲಿ ಆಸರೆ ಹುಡುಕುತ್ತದೆ ಎಂದು ಗಮನಿಸಿ. ಹಗಲಲ್ಲೂ ಸುಳಿವು ಸಿಗುತ್ತದೆ. ಬಾಗಿಲ ಚೌಕಟ್ಟಿನ ಒಂದೇ ಜಾಗದಲ್ಲಿ ಮಾಸಿದ ಕೈಗುರುತು, ಬುಡ ಸಡಿಲವಾದ ಟವೆಲ್ ಕಂಬಿ, ಒಂದು ಬದಿಗೆ ವಾಲಿದ ವಾಶ್‌ಬೇಸಿನ್, ಸವೆದ ಕುರ್ಚಿಯ ಬೆನ್ನು ಕಂಡರೆ ಅಲ್ಲೆಲ್ಲ ಅವರು ಈಗಾಗಲೇ ಭಾರ ಹಾಕುತ್ತಿದ್ದಾರೆ ಎಂದರ್ಥ. ಹಿಡಿಕಂಬಿ ಬೇಕಾದದ್ದು ಅಲ್ಲೇ. ನಕ್ಷೆಗಿಂತ ಈ ಗುರುತುಗಳನ್ನು ಹೆಚ್ಚು ನಂಬಬಹುದು.

ಶೌಚಾಲಯದಲ್ಲಿ ಹಿಡಿಕಂಬಿ ಎಲ್ಲಿ, ಎಷ್ಟು ಎತ್ತರದಲ್ಲಿರಬೇಕು?

ಎರಡು ಕೆಲಸಕ್ಕೆ ಎರಡು ಕಂಬಿ. ಕಮೋಡಿನಿಂದ ಏಳುವಾಗ ಕೆಳಕ್ಕೆ ಒತ್ತಿ ಏಳಲು ಅಡ್ಡ ಕಂಬಿ ಬೇಕು. ಇದು ಸೀಟಿನಿಂದ ಸುಮಾರು 20–25 ಸೆಂ.ಮೀ. ಮೇಲೆ, ಅಂದರೆ ಕೂತಾಗ ಮೊಣಕೈ ಬರುವ ಮಟ್ಟದಲ್ಲಿರಲಿ. ಎದ್ದ ಮೇಲೆ ತೂಕ ತಪ್ಪದಂತೆ ಹಿಡಿದು ನಿಲ್ಲಲು ಮೇಲಿಂದ ಕೆಳಕ್ಕೆ ನೇರವಾಗಿ ನಿಂತ ಕಂಬಿ ಬೇಕು. ಅದು ಕಮೋಡಿನ ಮುಂದಿನ ಅಂಚಿಗಿಂತ 15–20 ಸೆಂ.ಮೀ. ಮುಂದಿರಲಿ. ಇವೆರಡನ್ನೂ ಕೂಡಿಸಿದ ಎಲ್ ಆಕಾರದ ಕಂಬಿಯೂ ಸಿಗುತ್ತದೆ. ಗಾಲಿಕುರ್ಚಿಯಿಂದ ಕಮೋಡಿಗೆ ಬದಲಾಗುವವರಿಗೆ ಮಾತ್ರ ಅಡ್ಡ ಕಂಬಿ ನೆಲದಿಂದ 84–91 ಸೆಂ.ಮೀ. ಎತ್ತರದಲ್ಲಿದ್ದರೆ ಅನುಕೂಲ. ಎಲ್ಲರಿಗೂ ಇದೇ ಎತ್ತರ ಹಾಕಿಬಿಡುವುದು ಸಾಮಾನ್ಯ ತಪ್ಪು. ಗಿಡ್ಡಗಿನ ಅಜ್ಜಿಯೊಬ್ಬರಿಗೆ ಅದು ಭುಜದ ಮಟ್ಟಕ್ಕೆ ಬಂದು, ಒತ್ತುವ ಬದಲು ಜಗ್ಗುವಂತಾಗುತ್ತದೆ. ಜಗ್ಗಿ ಏಳುವುದಕ್ಕೆ ಭುಜದಲ್ಲಿ ಬಲ ಬೇಕು.

ಕಂಬಿ 32ರಿಂದ 38 ಮಿ.ಮೀ. ದಪ್ಪವಿದ್ದರೆ ಹಿಡಿತ ಗಟ್ಟಿಯಾಗಿ ಕೂರುತ್ತದೆ. ಗೋಡೆಗೂ ಕಂಬಿಗೂ ನಡುವೆ 38 ಮಿ.ಮೀ. ಸಂದಿ ಸಾಕು. ಅದಕ್ಕಿಂತ ಅಗಲ ಬಿಟ್ಟರೆ ಜಾರಿದ ಕ್ಷಣದಲ್ಲಿ ಕೈ ಮೊಣಕೈವರೆಗೆ ಸಂದಿಯೊಳಗೆ ಹೋಗಿ ಸಿಕ್ಕಿಕೊಂಡು ಮೂಳೆ ಮುರಿಯಬಹುದು. ನುಣುಪು ಕ್ರೋಮಿಗಿಂತ ಗೆರೆ ಕೊರೆದ ಅಥವಾ ತರಿತರಿಯಾದ ಮೈ ಇರುವ ಸ್ಟೀಲ್ ಕಂಬಿಯೇ ಮೇಲು. ಸೋಪಿನ ಕೈ ಅದರ ಮೇಲೆ ಜಾರುವುದಿಲ್ಲ.

ಕಂಬಿ ಯಾವ ಬದಿಗೆ? ಬಲವಾದ ಕೈ ಇರುವ ಬದಿಗೆ. ಪಾರ್ಶ್ವವಾಯು ಆದವರಲ್ಲಿ ಇದನ್ನು ಮರೆತು, ಗೋಡೆ ಹತ್ತಿರವಿದೆ ಎಂಬ ಕಾರಣಕ್ಕೆ ದುರ್ಬಲ ಕೈಯ ಬದಿಗೆ ಹಾಕಿಬಿಡುತ್ತಾರೆ. ಬಲವಾದ ಬದಿಗೆ ಗೋಡೆಯೇ ಇಲ್ಲದಿದ್ದರೆ ಹಿಂದಿನ ಗೋಡೆಗೆ ಬಿಗಿಯುವ, ಬೇಡದಾಗ ಮೇಲಕ್ಕೆ ಮಡಚುವ ಕಂಬಿ ಸಿಗುತ್ತದೆ.

ಹಾಕಿಸಿದ ಕಂಬಿ ಕೆಲವೇ ತಿಂಗಳಲ್ಲಿ ಅಲ್ಲಾಡುತ್ತಿದೆ. ಯಾಕೆ?

ಬಹುಪಾಲು ಸಲ ಉತ್ತರ ಒಂದೇ. ತಿರುಪು ಇಟ್ಟಿಗೆಯನ್ನು ಸರಿಯಾಗಿ ಮುಟ್ಟಿಯೇ ಇರುವುದಿಲ್ಲ.

ಲೆಕ್ಕ ಹಾಕಿ ನೋಡಿ. ಟೈಲ್ 8–10 ಮಿ.ಮೀ., ಅದರ ಹಿಂದಿನ ಗಾರೆ ಅಥವಾ ಅಂಟು 5–12, ಪ್ಲಾಸ್ಟರ್ 12–15. ಇಟ್ಟಿಗೆ ಸಿಗುವ ಹೊತ್ತಿಗೆ 25–37 ಮಿ.ಮೀ. ಕಳೆದುಹೋಗಿರುತ್ತದೆ. ಕಂಬಿಯ ಡಬ್ಬಿಯಲ್ಲಿ ಬರುವ ತಿರುಪಿನ ಉದ್ದ 50 ಮಿ.ಮೀ. ಇದ್ದರೆ ಇಟ್ಟಿಗೆಯೊಳಗೆ ಇಳಿಯುವುದು 13–25 ಮಾತ್ರ. ಟವೆಲ್ ನೇತುಹಾಕಲು ಅದು ಸಾಕು. ಬೀಳುತ್ತಿರುವ ಮನುಷ್ಯನ ಭಾರಕ್ಕೆ ಸಾಲದು. ಗಟ್ಟಿ ಇಟ್ಟಿಗೆ ಅಥವಾ ಕಾಂಕ್ರೀಟಿನೊಳಗೆ ಕನಿಷ್ಠ 50 ಮಿ.ಮೀ. ಇಳಿಯಬೇಕು. ಅಂದರೆ 80–100 ಮಿ.ಮೀ. ಉದ್ದದ ಸ್ಟೇನ್‌ಲೆಸ್ ತಿರುಪು ಅಥವಾ ಆಂಕರ್ ಬೋಲ್ಟ್ (ಗೋಡೆಯೊಳಗೆ ಬಿಗಿಯಾಗಿ ಹಿಡಿದುಕೊಳ್ಳುವ ಬೋಲ್ಟ್) ಬೇಕು. ಸಾದಾ ಕಬ್ಬಿಣದ್ದು ಬಚ್ಚಲಿನ ತೇವಕ್ಕೆ ಒಳಗೊಳಗೇ ತುಕ್ಕು ಹಿಡಿಯುತ್ತದೆ, ಹೊರಗಿನಿಂದ ಕಾಣುವುದಿಲ್ಲ.

ಗೋಡೆಯ ಬಗೆಯನ್ನೂ ನೋಡಬೇಕು. ಟೊಳ್ಳು ಬ್ಲಾಕಿನ ಗೋಡೆಯಲ್ಲಿ ಸಾದಾ ಪ್ಲಾಸ್ಟಿಕ್ ಪ್ಲಗ್ ಖಾಲಿ ಜಾಗದಲ್ಲಿ ತಿರುಗುತ್ತಲೇ ಇರುತ್ತದೆ. ಅಲ್ಲಿ ಜಾಲರಿ ಕೊಳವೆ ತೂರಿಸಿ ರಾಸಾಯನಿಕ ಆಂಕರ್ (ಗಟ್ಟಿಯಾಗಿ ತಿರುಪನ್ನು ಹಿಡಿದಿಡುವ ಅಂಟು) ತುಂಬಿಸಬೇಕು. ಹಗುರ ಸಿಮೆಂಟ್ ಬ್ಲಾಕಿಗೆ ಅದಕ್ಕೆಂದೇ ಮಾಡಿದ ಆಂಕರ್ ಇದೆ. ಜಿಪ್ಸಮ್ ಹಲಗೆಯ ಗೋಡೆಯಾದರೆ ಹಿಂದೆ 18 ಮಿ.ಮೀ. ಪ್ಲೈವುಡ್ಡನ್ನು ಚೌಕಟ್ಟಿಗೆ ಬಿಗಿದ ಮೇಲೆಯೇ ಕಂಬಿ ಹಾಕಬೇಕು. ಹೊಸ ಮನೆ ಕಟ್ಟುತ್ತಿದ್ದರೆ ಈಗಲೇ ಬಚ್ಚಲಿನ ಗೋಡೆಗಳ ಹಿಂದೆ ಪ್ಲೈವುಡ್ ಕೂರಿಸಿ, ಎಲ್ಲಿದೆ ಎಂದು ಅಳತೆಪಟ್ಟಿ ಇಟ್ಟು ಫೋಟೊ ತೆಗೆದಿಡಿ.

ಕೊರೆಯುವ ಕ್ರಮ ಹೀಗೆ. ನೀರಿನ ಪೈಪು, ವೈರು ಎಲ್ಲಿ ಹೋಗಿವೆ ಎಂದು ಮೊದಲು ಖಚಿತ ಮಾಡಿಕೊಳ್ಳಿ. ನಲ್ಲಿಯ ನೇರಕ್ಕೆ ಮೇಲೆ ಕೆಳಗೆ ಕೊರೆಯಲೇಬೇಡಿ. ಹಿರಿಯರನ್ನು ಕೂರಿಸಿ, ಎಬ್ಬಿಸಿ, ಕೈ ಬರುವ ಜಾಗದಲ್ಲಿ ಪೇಪರ್ ಟೇಪು ಅಂಟಿಸಿ ಅದರ ಮೇಲೆ ಗುರುತು ಹಾಕಿ. ಟೇಪು ಇದ್ದರೆ ಡ್ರಿಲ್ಲಿನ ಬಿಟ್ (ಕೊರೆಯುವ ಕಡ್ಡಿ) ಕೂಡ ಜಾರುವುದಿಲ್ಲ. ಟೈಲಿನ ಅಂಚಿನಿಂದ 3 ಸೆಂ.ಮೀ. ದೂರವಿರಿ. ಟೈಲ್ ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್ (ಬಡಿಯುತ್ತ ಕೊರೆಯುವ ವಿಧಾನ) ಆಫ್ ಇರಲಿ. ಟೈಲಿನ ಬಿಟ್ ಹಾಕಿ, ನಿಧಾನವಾಗಿ, ಹನಿಹನಿ ನೀರು ಬಿಡುತ್ತ ಕೊರೆಯಿರಿ. ಆಮೇಲೆ ಇಟ್ಟಿಗೆಯ ಬಿಟ್ಟಿಗೆ ಬದಲಾಯಿಸಿ. ತೂತಿನೊಳಗಿನ ಪುಡಿಯನ್ನು ಬ್ರಶ್ಶಿನಿಂದ ತೆಗೆದು ಊದಿ ಸ್ವಚ್ಛ ಮಾಡಿ. ಪುಡಿ ಉಳಿದರೆ ಆಂಕರ್ ಪುಡಿಯನ್ನು ಹಿಡಿಯುತ್ತದೆ, ಗೋಡೆಯನ್ನಲ್ಲ. ತಿರುಪು ಬಿಗಿಯುವ ಮೊದಲು ತೂತಿಗೂ ಕಂಬಿಯ ತುದಿಯ ತಟ್ಟೆಯ ಹಿಂದಕ್ಕೂ ಸಿಲಿಕೋನ್ ಹಚ್ಚಿದರೆ ನೀರು ಒಳಹೋಗುವುದಿಲ್ಲ. ಕೊನೆಗೆ ಮನೆಯಲ್ಲಿ ಹೆಚ್ಚು ತೂಕವಿರುವವರೊಬ್ಬರು ಕಂಬಿಯನ್ನು ಕೆಳಕ್ಕೂ ಹೊರಕ್ಕೂ ಪೂರಾ ಭಾರ ಹಾಕಿ ಜಗ್ಗಿ ನೋಡಲಿ. ಅಮೆರಿಕದ ಮಾನದಂಡ ಕೇಳುವುದು ಸುಮಾರು 113 ಕೆ.ಜಿ. ಬಲ. ಕೂದಲೆಳೆಯಷ್ಟು ಅಲ್ಲಾಡಿದರೂ ಬಿಚ್ಚಿ ಮತ್ತೆ ಹಾಕಿ.

ಗಾಳಿ ಎಳೆದು ಗೋಡೆಗೆ ಅಂಟಿಕೊಳ್ಳುವ ಕಂಬಿ ಆಗುವುದಿಲ್ಲವೇ?

ದೇಹದ ಭಾರಕ್ಕೆ ಆಗುವುದಿಲ್ಲ. ಟೈಲಿನ ಸಂದಿಯಿಂದಲೋ ಸೋಪಿನ ಪದರದಿಂದಲೋ ಗಾಳಿ ನುಸುಳಿದರೆ ಯಾವ ಮುನ್ಸೂಚನೆಯೂ ಇಲ್ಲದೆ ಕಳಚುತ್ತದೆ. ಹಿಡಿಯಲು ಏನೂ ಇಲ್ಲದಿದ್ದರೆ ಅವರು ಎಚ್ಚರದಿಂದಾದರೂ ಇರುತ್ತಿದ್ದರು. ಇದಿದ್ದರೆ ನಂಬಿ ಭಾರ ಹಾಕುತ್ತಾರೆ. ಶವರ್ ಕೂರಿಸುವ ಕಂಬಿ, ಟವೆಲ್ ಕಂಬಿಗಳಿಗೂ ಇದೇ ಮಾತು.

ಕಮೋಡಿನ ಎತ್ತರ ಎಷ್ಟಿದ್ದರೆ ಸರಿ?

ದಿನನಿತ್ಯದ ಚಪ್ಪಲಿ ಹಾಕಿಸಿ ಕುರ್ಚಿಯ ಮೇಲೆ ಕೂರಿಸಿ, ನೆಲದಿಂದ ಮೊಣಕಾಲಿನ ಹಿಂದಿನ ಮಡಿಕೆಯವರೆಗೆ ಅಳೆಯಿರಿ. ಆ ಅಳತೆಗೆ 2ರಿಂದ 5 ಸೆಂ.ಮೀ. ಸೇರಿಸಿ. ಸಾದಾ ಕಮೋಡು 38–40 ಸೆಂ.ಮೀ. ಇರುತ್ತದೆ. ಎತ್ತರದವು 43–48. ಮಂಡಿನೋವು ಇರುವವರಿಗೆ ಈ ನಾಲ್ಕೈದು ಸೆಂಟಿಮೀಟರ್ ಬಹಳ ದೊಡ್ಡದು.

ಆದರೆ ಎತ್ತರ ಹೆಚ್ಚಿದಷ್ಟೂ ಒಳ್ಳೆಯದಲ್ಲ. ಪಾದ ನೆಲಕ್ಕೆ ಪೂರ್ತಿ ತಾಗದಿದ್ದರೆ ತೊಡೆಯ ಹಿಂಬದಿ ಒತ್ತಿ ಕಾಲು ಜೋಮು ಹಿಡಿಯುತ್ತದೆ, ಮುಕ್ಕಲು ಆಧಾರ ಸಿಗದೆ ಮಲಬದ್ಧತೆಯೂ ಹೆಚ್ಚುತ್ತದೆ. ಜೋಮು ಹಿಡಿದ ಕಾಲಲ್ಲಿ ಎದ್ದರೆ ಬೀಳುವುದೇ.

ಕಮೋಡು ಬದಲಿಸಲು ಆಗದಿದ್ದರೆ ಮೇಲೆ ಕೂರಿಸುವ 5 ಅಥವಾ 10 ಸೆಂ.ಮೀ.ನ ಎತ್ತರಿಸುವ ಸೀಟು ಸಿಗುತ್ತದೆ. ಕ್ಲಾಂಪಿನಿಂದ ಬಿಗಿಯುವಂಥದ್ದನ್ನೇ ತನ್ನಿ, ವಾರಕ್ಕೊಮ್ಮೆ ಬಿಗಿ ನೋಡಿ. ಎರಡೂ ಬದಿಗೆ ಕೈಯಾಸರೆ ಇರುವ, ಕಮೋಡಿನ ಸುತ್ತ ನಿಲ್ಲುವ ನಾಲ್ಕು ಕಾಲಿನ ಚೌಕಟ್ಟು ಅದಕ್ಕಿಂತ ಭದ್ರ. ಕುಕ್ಕರುಗಾಲಿನಲ್ಲಿ ಕೂರುವ ಶೌಚವೇ ಇದ್ದರೆ ಅದರ ಮೇಲೆ ನಿಲ್ಲಿಸುವ ತೂತಿನ ಕುರ್ಚಿ ಬರುತ್ತದೆ. ನಾಲ್ಕೂ ಕಾಲು ಸಮತಟ್ಟಾಗಿ ಕೂರುವಂತಿದ್ದರೆ ಮಾತ್ರ ಬಳಸಿ.

ಸ್ನಾನದ ಜಾಗ ಹೇಗಿರಬೇಕು?

ಕಟ್ಟೆ ಇರಬಾರದು. ಒಣ ಭಾಗಕ್ಕೂ ಒದ್ದೆ ಭಾಗಕ್ಕೂ ನಡುವೆ ಕಟ್ಟುವ ಗಿಡ್ಡ ತಡೆ ಎಡವಲೆಂದೇ ಇಟ್ಟಂತೆ. ಅದರ ಬದಲು ನೆಲವನ್ನೇ 50ಕ್ಕೆ 1ರಂತೆ, ಅಂದರೆ ಮೀಟರಿಗೆ 2 ಸೆಂ.ಮೀ. ಇಳಿಜಾರು ಮಾಡಿ. ಅದಕ್ಕಿಂತ ಕಡಿಮೆಯಾದರೆ ನೀರು ನಿಲ್ಲುತ್ತದೆ, ಹೆಚ್ಚಾದರೆ ಸ್ಟೂಲು ವಾಲುತ್ತದೆ. ನೀರು ಒಣ ಭಾಗಕ್ಕೆ ಹರಿಯದಂತೆ ಅಂಚಿನುದ್ದಕ್ಕೂ ಜಾಲರಿ ಮುಚ್ಚಿದ ಉದ್ದನೆಯ ಮೋರಿ ಕೊಡಬಹುದು.

ಕೂತು ಸ್ನಾನ ಮಾಡುವುದನ್ನೇ ರೂಢಿ ಮಾಡಿಸಿ. ಗೋಡೆಗೆ ಮಡಚುವ ಸೀಟು ಅಥವಾ ಬೆನ್ನು, ಕೈಯಾಸರೆ ಇರುವ ಬಚ್ಚಲ ಕುರ್ಚಿ 43–48 ಸೆಂ.ಮೀ. ಎತ್ತರದ್ದಿರಲಿ. ಕಾಲಿನ ರಬ್ಬರು ಬಿರಡೆಗಳು ಸವೆದು ನುಣ್ಣಗಾದರೆ ಕುರ್ಚಿಯೇ ಜಾರುತ್ತದೆ, ಆಗಾಗ ತಿರುಗಿಸಿ ನೋಡಿ. 1.5 ಮೀಟರ್ ಕೊಳವೆಯ ಕೈಶವರ್ ಇದ್ದರೆ ಕೂತಲ್ಲೇ ಮೈ ತೊಳೆಯಬಹುದು. ನಲ್ಲಿ ಸೀಟಿನಿಂದಲೂ ಎಟುಕಬೇಕು, ನೀರಿನ ಕೆಳಗೆ ನಿಲ್ಲದೆಯೂ ಎಟುಕಬೇಕು. ಸೋಪು, ಟವೆಲ್ ಬಗ್ಗದೆ ಸಿಗಬೇಕು. ಬಿದ್ದ ಸೋಪು ಹೆಕ್ಕಲು ಬಗ್ಗುವುದೇ ಬಚ್ಚಲಿನ ಅತ್ಯಂತ ಅಪಾಯದ ಕೆಲಸ. ಒತ್ತುವ ಬಾಟಲಿಯ ದ್ರವ ಸೋಪನ್ನು ಗೋಡೆಗೆ ಕೂರಿಸಿದರೆ ಅಲ್ಲಿಗೆ ಆ ಸಮಸ್ಯೆ ಮುಗಿಯಿತು.

ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯಬೇಕು ಅಥವಾ ಪಕ್ಕಕ್ಕೆ ಸರಿಯಬೇಕು. ಒಳಗೆ ಬಿದ್ದವರ ಮೈ ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಿಕ್ಕೇ ಆಗುವುದಿಲ್ಲ. ಒಳಗಿನ ಅಗುಳಿ ತೆಗೆದು, ಹೊರಗಿನಿಂದ ನಾಣ್ಯ ತೂರಿಸಿ ತಿರುಗಿಸಿದರೆ ತೆರೆಯುವ ಬೀಗ ಹಾಕಿಸಿ. ಅವರ ಖಾಸಗಿತನವೂ ಉಳಿಯುತ್ತದೆ, ತುರ್ತಿಗೆ ದಾರಿಯೂ ಇರುತ್ತದೆ.

ಬಿಸಿನೀರಿನ ಬಗ್ಗೆ ಏನು ಎಚ್ಚರ?

60 ಡಿಗ್ರಿ ಸೆಲ್ಸಿಯಸ್ ನೀರು ಸುಮಾರು 5 ಸೆಕೆಂಡಿನಲ್ಲಿ ಚರ್ಮವನ್ನು ಆಳವಾಗಿ ಸುಡುತ್ತದೆ. 49 ಡಿಗ್ರಿಗೆ ಅದೇ ಸುಟ್ಟಗಾಯವಾಗಲು ಹಲವು ನಿಮಿಷ ಬೇಕು. ಹಿರಿಯರ ಚರ್ಮ ತೆಳು, ಕೈ ಹಿಂದೆಗೆಯುವುದೂ ನಿಧಾನ. ಹಾಗೆಂದು ನೀರು ಶೇಖರಿಸುವ ಗೀಸರನ್ನು ತೀರ ಕಡಿಮೆಗೆ ಇಡುವಂತಿಲ್ಲ, ಉಗುರುಬೆಚ್ಚಗಿನ ನೀರಿನಲ್ಲಿ ನ್ಯುಮೋನಿಯಾ ತರುವ ಲೀಜಿಯೊನೆಲ್ಲ ಬ್ಯಾಕ್ಟೀರಿಯಾ ಬೆಳೆಯುತ್ತದೆ. ದಾರಿ ಏನೆಂದರೆ ತೊಟ್ಟಿಯಲ್ಲಿ 60 ಡಿಗ್ರಿ ಇಟ್ಟು, ನಲ್ಲಿಯ ಬಳಿ ಥರ್ಮೋಸ್ಟಾಟ್ ಮಿಶ್ರಣ ಕವಾಟ ಹಾಕಿಸಿ ಶವರಿಗೆ 41 ಡಿಗ್ರಿಯಲ್ಲಿ ಬರುವಂತೆ ಮಾಡುವುದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರು ಕಾಲಿನಿಂದ ನೀರು ಪರೀಕ್ಷಿಸಬಾರದು, ಮೊಣಕೈ ಅದ್ದಿ ನೋಡಲಿ.

ಜಾರದ ಟೈಲ್ ಎಂದು ಕೊಟ್ಟರು, ಆದರೂ ಜಾರುತ್ತದೆ.

ಎರಡು ಕಾರಣ ಇರಬಹುದು. ಒಂದು, ಒಣ ಪಾದದ ಲೆಕ್ಕದಲ್ಲಿ "ಜಾರದು" ಎಂದಿರುತ್ತಾರೆ. ಬಚ್ಚಲಿಗೆ ಬೇಕಾದದ್ದು ಒದ್ದೆ ನೆಲದ ಮೇಲೆ ಬರಿಗಾಲಿನ ಹಿಡಿತ. ಜರ್ಮನ್ ಮಾನದಂಡದಲ್ಲಿ ಅದಕ್ಕೆ ಎ, ಬಿ, ಸಿ ಎಂಬ ದರ್ಜೆಗಳಿವೆ. ಬಚ್ಚಲಿಗೆ ಬಿ ಇರಲಿ. ಆರ್10, ಆರ್11 ಎಂಬುದು ಬೂಟು ಹಾಕಿದ ಕಾಲಿನ ಪರೀಕ್ಷೆ, ಬೇರೆಯದೇ ಲೆಕ್ಕ. ಅಮೆರಿಕದ ಪದ್ಧತಿಯಲ್ಲಿ ಒದ್ದೆ ಘರ್ಷಣೆಯ ಅಂಕಿ ಕನಿಷ್ಠ 0.42 ಕೇಳುತ್ತಾರೆ. ಕೊಳ್ಳುವಾಗ ಈ ಅಂಕಿಯನ್ನು ಬರವಣಿಗೆಯಲ್ಲಿ ಕೇಳಿ, ಮಾದರಿ ಟೈಲಿನ ಮೇಲೆ ಸೋಪುನೀರು ಹಾಕಿ ಪಾದ ಒತ್ತಿ ನೋಡಿ.

ಇನ್ನೊಂದು, ಸೋಪಿನ ಪದರ. ತರಿತರಿ ಟೈಲಿನ ಹಳ್ಳಗಳಲ್ಲಿ ಸೋಪು, ಎಣ್ಣೆ, ಗಡಸು ನೀರಿನ ಉಪ್ಪು ತುಂಬಿಕೊಂಡರೆ ಅದು ನುಣುಪು ಟೈಲಿಗೆ ಸಮ. ವಾರಕ್ಕೊಮ್ಮೆ ಗಟ್ಟಿ ಬ್ರಶ್ಶಿನಿಂದ ಉಜ್ಜಲೇಬೇಕು. ಮೇಣದ ಪಾಲಿಶ್ ಎಂದೂ ಬೇಡ.

ಉಳಿದ ಕೋಣೆಗಳಲ್ಲಿ ಸಣ್ಣ ಚಾಪೆ, ಕಾಲೊರಸುಗಳನ್ನು ತೆಗೆದುಬಿಡಿ. ಇರಲೇಬೇಕೆಂದರೆ ಅಡಿಯಲ್ಲಿ ನಾಲ್ಕೂ ಅಂಚಿಗೆ ಎರಡು ಬದಿ ಅಂಟಿನ ಟೇಪು ಹಾಕಿ. ಮೂಲೆಗೆ ಮಾತ್ರ ಹಾಕಿದರೆ ನಡುವಿನ ಅಂಚು ಏಳುತ್ತದೆ, ವಾಕರಿನ ಕಾಲು ಸಿಕ್ಕುವುದು ಅಲ್ಲೇ.

ಬೆಳಕು ಎಷ್ಟು ಬೇಕು?

ನಿಮಗೆ ಸಾಕೆನಿಸುವುದಕ್ಕಿಂತ ಬಹಳ ಹೆಚ್ಚು. ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಕಣ್ಣಿನ ಮಸೂರ ಹಳದಿಯಾಗುತ್ತದೆ. 60ರ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವ ಬೆಳಕು 20ರ ಕಣ್ಣಿಗೆ ತಲುಪುವುದರ ಮೂರನೇ ಒಂದು ಭಾಗದಷ್ಟು. ನಡೆಯುವ ದಾರಿಗೆ 200 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ), ಓದುವ, ತರಕಾರಿ ಹೆಚ್ಚುವ, ಔಷಧಿ ನೋಡುವ ಜಾಗಕ್ಕೆ 500ರಿಂದ 1,000 ಲಕ್ಸ್ ಇರಲಿ. ಮೊಬೈಲಿನಲ್ಲಿ ಲಕ್ಸ್ ಅಳೆಯುವ ಆ್ಯಪ್‌ಗಳಿವೆ, ಅಂದಾಜಿಗೆ ಸಾಕು.

ಒಂದೇ ಪ್ರಖರ ದೀಪ ಹಾಕಿದರೆ ಕಣ್ಣು ಕೋರೈಸುತ್ತದೆ, ನೆರಳು ಕಪ್ಪಾಗುತ್ತದೆ. ನಾಲ್ಕು ಸಣ್ಣ ದೀಪ ಹಂಚಿ ಹಾಕಿ, ಬರಿಗಣ್ಣಿಗೆ ಬಲ್ಬು ಕಾಣದಂತೆ ಮುಚ್ಚಿ. ಬೆಳಗಿದ ಕೋಣೆಯಿಂದ ಮನೆಯೊಳಗಿನ ಕತ್ತಲೆಯ ಓಣಿಗೆ ಕಾಲಿಟ್ಟಾಗ ಹಿರಿಯರ ಕಣ್ಣು ಹೊಂದಿಕೊಳ್ಳಲು ಹೆಚ್ಚು ಹೊತ್ತು ಬೇಕು. ಆದ್ದರಿಂದ ಕೋಣೆಯಿಂದ ಕೋಣೆಗೆ ಬೆಳಕು ದಿಢೀರನೆ ಬದಲಾಗಬಾರದು.

ರಾತ್ರಿಯ ದಾರಿಗೆ ನೆಲದಿಂದ 30–40 ಸೆಂ.ಮೀ. ಎತ್ತರದಲ್ಲಿ ಹಳದಿ ಛಾಯೆಯ ಸಣ್ಣ ದೀಪಗಳು ಸಾಕು. ಬಿಳಿ, ನೀಲಿ ಬೆಳಕು ನಿದ್ದೆಯನ್ನು ಪೂರ್ತಿ ಎಬ್ಬಿಸಿಬಿಡುತ್ತದೆ. ಚಲನೆ ಗುರುತಿಸಿ ಹತ್ತುವ ದೀಪ ಹಾಕಿಸುವಾಗ ಒಂದು ವಿಷಯ ಮರೆಯುತ್ತಾರೆ. ಕಮೋಡಿನ ಮೇಲೆ ಅಲುಗದೆ ಕೂತವರಿದ್ದಾಗ 30 ಸೆಕೆಂಡಿಗೆ ದೀಪ ಆರಿ ಕತ್ತಲಾಗುತ್ತದೆ. ಆರುವ ಸಮಯವನ್ನು ಶೌಚಾಲಯದಲ್ಲಿ 10 ನಿಮಿಷಕ್ಕೆ, ಓಣಿಯಲ್ಲಿ 2–3 ನಿಮಿಷಕ್ಕೆ ಇಡಿ. ಕರೆಂಟು ಹೋದಾಗಲೂ ಉರಿಯುವ ಬ್ಯಾಟರಿ ದೀಪ ಒಂದಾದರೂ ಆ ದಾರಿಯಲ್ಲಿರಲಿ.

ಸ್ವಿಚ್ಚು ಅಗಲ ಗುಂಡಿಯದ್ದಾಗಿ 90–110 ಸೆಂ.ಮೀ. ಎತ್ತರದಲ್ಲಿರಲಿ, ಹಾಸಿಗೆಯಿಂದ ಏಳದೆಯೇ ಒಂದು ಸಿಗಲಿ. ಪ್ಲಗ್ ಪಾಯಿಂಟು ಬಗ್ಗದಂತೆ 45 ಸೆಂ.ಮೀ. ಅಥವಾ ಮೇಲೆ.

ಬಣ್ಣಕ್ಕೂ ಬೀಳುವುದಕ್ಕೂ ಏನು ಸಂಬಂಧ?

ಬಿಳಿ ನೆಲದ ಮೇಲೆ ಬಿಳಿ ಕಮೋಡು, ಹಿಂದೆ ಬಿಳಿ ಗೋಡೆ ಇದ್ದರೆ ಮಸುಕು ಕಣ್ಣಿಗೆ ಕೂರುವ ಅಂಚು ಕಾಣುವುದೇ ಇಲ್ಲ. ಸೀಟಿಗೆ ಗಾಢ ಬಣ್ಣ ಕೊಡಿ. ಹಿಡಿಕಂಬಿ, ಸ್ವಿಚ್ಚು, ಬಾಗಿಲ ಹಿಡಿ, ಮೆಟ್ಟಿಲ ಅಂಚು ಎಲ್ಲಕ್ಕೂ ಹಿನ್ನೆಲೆಯಿಂದ ಎದ್ದು ಕಾಣುವ ಬಣ್ಣ ಬೇಕು. ಬಣ್ಣ ಬೇರೆಯಾದರಷ್ಟೇ ಸಾಲದು, ತಿಳಿ–ಗಾಢದ ಅಂತರ ಬೇಕು. ಪರೀಕ್ಷೆ ಸುಲಭ: ಮೊಬೈಲಿನಲ್ಲಿ ಕಪ್ಪು ಬಿಳುಪು ಫೋಟೊ ತೆಗೆಯಿರಿ. ಅದರಲ್ಲೂ ಬೇರೆ ಬೇರೆಯಾಗಿ ಕಂಡರೆ ಸರಿ. ಕೆಂಪು, ಹಸಿರು ಎರಡೂ ಒಂದೇ ಬೂದಿ ಬಣ್ಣವಾಗಿ ಕಂಡರೆ ಪ್ರಯೋಜನವಿಲ್ಲ.

ನೆಲಕ್ಕೆ ಮಾತ್ರ ಇದು ಉಲ್ಟಾ. ನೆಲ ಉದ್ದಕ್ಕೂ ಒಂದೇ ಬಣ್ಣ, ಹೊಳಪಿಲ್ಲದ್ದಿರಲಿ. ನಡುವೆ ಕಪ್ಪು ಪಟ್ಟಿ ಬಂದರೆ ಅದು ಹಳ್ಳವೆಂದು ಕೆಲವರು ಹೆಜ್ಜೆ ಎತ್ತಿ ದಾಟಲು ಹೋಗುತ್ತಾರೆ.

ಮಂಚ, ಕುರ್ಚಿ ಹೇಗಿರಬೇಕು?

ಹಾಸಿಗೆಯ ಅಂಚಿನಲ್ಲಿ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಿ ಮೊಣಕಾಲು ನೇರ ಕೋನಕ್ಕಿಂತ ತುಸು ಬಿಚ್ಚಿಕೊಂಡಿರಬೇಕು. ಹೆಚ್ಚಿನವರಿಗೆ ಇದು 45–55 ಸೆಂ.ಮೀ., ಕೂತಾಗ ಅಮುಕಿದ ಹಾಸಿಗೆಯ ಎತ್ತರ, ಅಂಗಡಿಯಲ್ಲಿ ಹೇಳುವ ಎತ್ತರವಲ್ಲ. ಅಂಚು ಕುಸಿಯುವ ಮೆತ್ತನೆ ಹಾಸಿಗೆ ಬೇಡ. ಎತ್ತರಿಸಲು ಇಟ್ಟಿಗೆ ಇಡಬೇಡಿ, ಮಂಚದ ಕಾಲು ಒಳಗೆ ಕೂರುವ ಬಟ್ಟಲಿನಂಥ ಅಡಿಗಟ್ಟೆ ಸಿಗುತ್ತದೆ. ಇಳಿಯುವ ಬದಿಗೆ 90 ಸೆಂ.ಮೀ. ಖಾಲಿ ಬಿಡಿ.

ಮಲಗಿದ್ದವರು ತಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲಿಡುವುದುಂಟು. ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20 ಇಳಿದರೆ ವೈದ್ಯರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಒಂದೆರಡು ನಿಮಿಷ ಅಂಚಿನಲ್ಲಿ ಕೂತು ಏಳಲು ಅನುವಾಗುವಂತೆ ಕೈಗೆ ಸಿಗುವಲ್ಲಿ ನೀರು, ಕನ್ನಡಕ, ದೀಪ, ಊರುಗೋಲು ಇಡಿ.

ಕುರ್ಚಿ 45–48 ಸೆಂ.ಮೀ. ಎತ್ತರ, ಗಟ್ಟಿ ಸೀಟು, ಮುಂದಿನ ಅಂಚಿನವರೆಗೆ ಚಾಚಿದ ಕೈಯಾಸರೆ. ಕೆಳಗೆ ಕಾಲು ಹಿಂದಕ್ಕೆಳೆದುಕೊಳ್ಳಲು ಜಾಗವಿರಬೇಕು. ಅಡ್ಡಪಟ್ಟಿ ಇರುವ ಕುರ್ಚಿ ಮತ್ತು ಹೂತುಹೋಗುವ ಸೋಫಾದಿಂದ ಏಳುವುದು ಕಷ್ಟವಾಗುವುದು ಇದಕ್ಕೇ.

ಮಂಚದ ಪಕ್ಕ ತಡೆಕಂಬಿ ಹಾಕಬಹುದೇ?

ಯೋಚಿಸಿ ಹಾಕಿ. ಕಂಬಿಗೂ ಹಾಸಿಗೆಗೂ ನಡುವಿನ ಸಂದಿಯಲ್ಲಿ ತಲೆ, ಕುತ್ತಿಗೆ ಸಿಕ್ಕಿ ಪ್ರಾಣ ಹೋದ ಉದಾಹರಣೆಗಳಿವೆ. ಕಂಬಿಯೊಳಗಿನ ತೆರವು 12 ಸೆಂ.ಮೀ.ಗಿಂತ ಕಡಿಮೆಯಿರಬೇಕು, ಹಾಸಿಗೆ ಸರಿಯಬಾರದು. ಮರೆವಿನ ಕಾಯಿಲೆ ಇರುವವರು ಕಂಬಿ ಹತ್ತಿ ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳುತ್ತಾರೆ. ಅಂಥವರಿಗೆ ತಗ್ಗು ಮಂಚವೇ ಸರಿ.

ಬಾಗಿಲು ಕಿರಿದಾಗಿದೆ, ಒಡೆಯದೆ ದಾರಿಯಿದೆಯೇ?

ಗಾಲಿಕುರ್ಚಿಗೆ ಬಾಗಿಲು ತೆರೆದಾಗ 81 ಸೆಂ.ಮೀ. ಖಾಲಿ ಬೇಕು, 90 ಇದ್ದರೆ ಆರಾಮ. ತೆರೆದ ಕದದ ದಪ್ಪವೇ ನಾಲ್ಕು ಸೆಂ.ಮೀ. ತಿನ್ನುತ್ತದೆ. ಕದವನ್ನು ಪೂರ್ತಿ ಆಚೆ ಸರಿಸುವ ಬಾಗಿದ ತಿರುಗಣಿ ಹಾಕಿದರೆ ಅಷ್ಟು ಜಾಗ ಮರಳಿ ಸಿಗುತ್ತದೆ. ಅದೂ ಸಾಲದಿದ್ದರೆ ಗೋಡೆಯ ಹೊರಮೈಯಲ್ಲಿ ಜಾರುವ ಬಾಗಿಲು. ದುಂಡು ಹಿಡಿ ತೆಗೆದು ಮೊಣಕೈಯಿಂದಲೂ ಒತ್ತಬಹುದಾದ ಉದ್ದ ಹಿಡಿ ಹಾಕಿಸಿ. ಗಾಲಿಕುರ್ಚಿ ತಿರುಗಲು 150 ಸೆಂ.ಮೀ. ವೃತ್ತ ಬೇಕು.

ಹೊಸ್ತಿಲು, ಮೆಟ್ಟಿಲಿಗೆ ಇಳಿಜಾರು ಹೇಗೆ ಕಟ್ಟುವುದು?

ಹೊಸ್ತಿಲು 13 ಮಿ.ಮೀ. ಮೀರಬಾರದು, ಅದರ ಅಂಚು ಓರೆಯಾಗಿರಬೇಕು. ಇಳಿಜಾರು 12ಕ್ಕೆ 1: 15 ಸೆಂ.ಮೀ. ಏರಿಗೆ 180 ಸೆಂ.ಮೀ. ಉದ್ದ. ಜಾಗ ಸಾಲದೆಂದು ಮೊಟಕು ಮಾಡಿದರೆ ಇಳಿಯುವಾಗ ವಾಕರ್ ಮುಂದಕ್ಕೆ ಓಡುತ್ತದೆ. ಅಗಲ 90 ಸೆಂ.ಮೀ., ಅಂಚಿಗೆ 10 ಸೆಂ.ಮೀ. ಕಟ್ಟೆ, ಮೇಲೆ ಕೆಳಗೆ 150 ಸೆಂ.ಮೀ. ಸಮತಟ್ಟು. ನಡೆಯಬಲ್ಲವರಿಗೆ ಉದ್ದ ಇಳಿಜಾರಿಗಿಂತ ಕಂಬಿ ಇರುವ 8–10 ಸೆಂ.ಮೀ.ನ ಗಿಡ್ಡ ಮೆಟ್ಟಿಲೇ ಎಷ್ಟೋ ಸಲ ಹಗುರ. ಕಟ್ಟುವ ಮೊದಲು ಹಲಗೆ ಇಟ್ಟು ಎರಡನ್ನೂ ಪ್ರಯತ್ನಿಸಲಿ.

ಮಹಡಿ ಮೆಟ್ಟಿಲು ಹತ್ತುವುದನ್ನು ನಿಲ್ಲಿಸಬೇಕೇ?

ಹತ್ತಬಲ್ಲವರು ಹತ್ತಲಿ. ಮೆಟ್ಟಿಲು ಕಾಲಿನ ಬಲ ಉಳಿಸುವ ವ್ಯಾಯಾಮ. ಅದನ್ನು ಭಯಕ್ಕೆ ಕಿತ್ತುಕೊಂಡರೆ ಬಲವೂ ಕುಂದುತ್ತದೆ. ಮೆಟ್ಟಿಲನ್ನು ಸರಿಪಡಿಸಿ. ಎರಡೂ ಬದಿಗೆ 86–96 ಸೆಂ.ಮೀ. ಎತ್ತರದಲ್ಲಿ ಕೈಕಂಬಿ, ಮೇಲಿನ ತುದಿಯಲ್ಲಿ ಕೊನೆಯ ಮೆಟ್ಟಿಲು ದಾಟಿ 30 ಸೆಂ.ಮೀ. ಮುಂದಕ್ಕೆ. ಕಂಬಿ ಮೆಟ್ಟಿಲಿಗಿಂತ ಮೊದಲೇ ಮುಗಿದರೆ ಕೈ ಮೆಟ್ಟಿಲೂ ಮುಗಿಯಿತೆಂದು ತಿಳಿಯುತ್ತದೆ, ಹೆಜ್ಜೆ ತಪ್ಪುತ್ತದೆ. ಪ್ರತಿ ಅಂಚಿಗೆ 5 ಸೆಂ.ಮೀ. ಅಗಲದ ಗಾಢ ಪಟ್ಟಿ, ಮೇಲೆ ಕೆಳಗೆ ಎರಡೂ ಕಡೆ ಸ್ವಿಚ್ಚು. ಎಲ್ಲ ಮೆಟ್ಟಿಲೂ ಒಂದೇ ಎತ್ತರ ಇವೆಯೇ ಅಳೆಯಿರಿ. ಬೇರೆಯಾಗಿರುವ ಒಂದೇ ಮೆಟ್ಟಿಲು ಸಾಕು ಬೀಳಿಸಲು. ಓದಲೂ ದೂರ ನೋಡಲೂ ಒಂದೇ ಕನ್ನಡಕ ಹಾಕುವವರಿಗೆ ಕೆಳಗೆ ನೋಡಿದಾಗ ಮೆಟ್ಟಿಲು ಮಂಜಾಗುತ್ತದೆ. ಇಳಿಯುವಾಗ ಗಲ್ಲ ತಗ್ಗಿಸಿ ನೋಡಲು, ಬೇಕಾದರೆ ದೂರದ ಕನ್ನಡಕ ಬೇರೆ ಮಾಡಿಸಲು ಹೇಳಿ.

ಅಡುಗೆಮನೆಯಲ್ಲಿ?

ದಿನಾ ಬಳಸುವುದೆಲ್ಲ ನೆಲದಿಂದ 40ರಿಂದ 120 ಸೆಂ.ಮೀ. ನಡುವೆ ಇರಲಿ. ಕೆಳಗಿನ ಕಪಾಟುಗಳ ಬಾಗಿಲು ತೆಗೆದು ಪೂರ್ತಿ ಹೊರಬರುವ ಡ್ರಾಯರ್ ಮಾಡಿಸಿ. ಕೂತು ಕೆಲಸ ಮಾಡಲು ಕಟ್ಟೆಯ ಒಂದು ಭಾಗ 75 ಸೆಂ.ಮೀ. ಎತ್ತರ, ಕೆಳಗೆ ಮಂಡಿಗೆ 68–70 ಸೆಂ.ಮೀ. ಖಾಲಿ. ಒಲೆಯ ಪಕ್ಕವೇ ಬಿಸಿ ಪಾತ್ರೆ ಇಳಿಸುವ ಜಾಗ ಬೇಕು, ಕುದಿಯುವ ಪಾತ್ರೆ ಹಿಡಿದು ನಾಲ್ಕು ಹೆಜ್ಜೆ ನಡೆಯುವಂತಿರಬಾರದು. ಒಲೆ ಆರಿಸಲು ಮರೆಯುವವರಿಗೆ ತಾನೇ ಆರುವ ಇಂಡಕ್ಷನ್ ಒಲೆ ಒಳ್ಳೆಯದು. ಆದರೆ ಪೇಸ್‌ಮೇಕರ್ ಇರುವವರು ಅದರಿಂದ ಸುಮಾರು 60 ಸೆಂ.ಮೀ. ದೂರವಿರಬೇಕಾಗುತ್ತದೆ, ಕೊಳ್ಳುವ ಮೊದಲು ಹೃದಯ ವೈದ್ಯರನ್ನು ಕೇಳಿ.

ಮರೆವಿನ ಕಾಯಿಲೆ ಇದ್ದರೆ ಬೇರೇನು?

ಕಣ್ಣಿಗೆ ಕಾಣದ್ದು ಅವರ ಪಾಲಿಗೆ ಇಲ್ಲ. ಹಾಸಿಗೆಯಿಂದ ಕಮೋಡು ನೇರ ಕಾಣುವಂತಿದ್ದರೆ ಬಟ್ಟೆ ಒದ್ದೆಯಾಗುವುದೇ ಎಷ್ಟೋ ಕಡಿಮೆಯಾಗುತ್ತದೆ. ಆಗದಿದ್ದರೆ ಶೌಚಾಲಯದ ಬಾಗಿಲಿಗೆ ಮಾತ್ರ ಬೇರೆ ಬಣ್ಣ, ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗೆ ಚಿತ್ರ ಮತ್ತು ಅಕ್ಷರ ಎರಡೂ ಇರುವ ಫಲಕ. ಬಟ್ಟೆ, ಲೋಟ ತೆರೆದ ಕಪಾಟಿನಲ್ಲಿರಲಿ. ಕನ್ನಡಿಯಲ್ಲಿ ಅಪರಿಚಿತರಿದ್ದಾರೆಂದು ಹೆದರುತ್ತಿದ್ದರೆ ಕನ್ನಡಿಗೆ ಪರದೆ ಹಾಕಿ. ಪೀಠೋಪಕರಣ ಇದ್ದಲ್ಲೇ ಇರಲಿ. ಒಂದೇ ದಿನ ಎಲ್ಲ ಬದಲಿಸಿದರೆ ಸ್ವಂತ ಮನೆಯೇ ಅವರಿಗೆ ಪರರ ಮನೆಯಾಗುತ್ತದೆ.

ಬಿದ್ದಾಗ, ಬೆಂಕಿ ಬಿದ್ದಾಗ ಗೊತ್ತಾಗುವುದು ಹೇಗೆ?

ಕರೆಗಂಟೆಯ ದಾರ ಬಚ್ಚಲಿನಲ್ಲಿ ನೆಲದಿಂದ 10 ಸೆಂ.ಮೀ.ವರೆಗೆ ಇಳಿಬಿಟ್ಟಿರಬೇಕು. ಬಿದ್ದವರ ಕೈಗೆ ಎಟುಕಬೇಕಲ್ಲ. ತೊಡಕಾಗುತ್ತದೆಂದು ಗುಡಿಸುವವರು ಗಂಟು ಕಟ್ಟಿ ಮೇಲೇರಿಸಿರುತ್ತಾರೆ, ನೋಡುತ್ತಿರಿ. ಕೊರಳಿಗೆ ಹಾಕುವ ಗುಂಡಿಯಾದರೆ ಸ್ನಾನದಲ್ಲೂ ತೆಗೆಯಬೇಕಿಲ್ಲದ, ನೀರಿಗೆ ಕೆಡದ್ದು ಬೇಕು. ಹೊಗೆ ಎಚ್ಚರಿಕೆಯ ಸಾದಾ ಗಂಟೆ 3,000 ಹರ್ಟ್ಸ್ ಆಸುಪಾಸಿನ ಕೀಚಲು ದನಿ. ಹಿರಿಯರಿಗೆ ಮೊದಲು ಕೇಳದಂತಾಗುವುದು ಅದೇ. 520 ಹರ್ಟ್ಸ್‌ನ ತಗ್ಗು ದನಿಯದ್ದನ್ನು ಮಲಗುವ ಕೋಣೆಗೆ ಹಾಕಿಸಿ.

ಕೋಣೆಯ ತಾಪ?

ಚಳಿಗಾಲದಲ್ಲಿ 18 ಡಿಗ್ರಿಗಿಂತ ಇಳಿಯಬಾರದೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಹಿರಿಯರಿಗೆ ಇನ್ನೂ ತುಸು ಹೆಚ್ಚೇ ಬೇಕಾದೀತು. ಸೆಕೆಯಲ್ಲಿ ಅವರಿಗೆ ಬಾಯಾರಿಕೆ ತಡವಾಗಿ ತಿಳಿಯುತ್ತದೆ. ಕಿಟಕಿಯ ಚಿಲಕ, ಫ್ಯಾನಿನ ಗುಂಡಿ ಕೂತಲ್ಲಿಂದ ಎಟುಕಲಿ.

ಬಾಡಿಗೆ ಮನೆ, ಗೋಡೆ ಕೊರೆಯುವಂತಿಲ್ಲ.

ಕಮೋಡಿನ ಚೌಕಟ್ಟು, ಬಚ್ಚಲ ಕುರ್ಚಿ, ಪ್ಲಗ್‌ಗೆ ಚುಚ್ಚುವ ರಾತ್ರಿದೀಪ, ಅಂಟಿಸುವ ಪಟ್ಟಿಗಳಿಂದಲೇ ಬಹಳಷ್ಟು ಆಗುತ್ತದೆ. ನೆಲಕ್ಕೂ ಮಾಳಿಗೆಗೂ ನಡುವೆ ಒತ್ತಿ ನಿಲ್ಲುವ ಕಂಬವೂ ಸಿಗುತ್ತದೆ. ಮೇಲೆ ಗಟ್ಟಿ ಮಾಳಿಗೆ ಇದ್ದರೆ ಮಾತ್ರ, ಜಿಪ್ಸಮ್ ಚಾವಣಿಗೆ ಎಂದೂ ಬೇಡ.

"ಆಸ್ಪತ್ರೆ ಥರ ಮಾಡಬೇಡಿ" ಎನ್ನುತ್ತಾರೆ. ಒಪ್ಪಿಸುವುದು ಹೇಗೆ?

ಅವರ ಮಾತಿನಲ್ಲಿ ನ್ಯಾಯವಿದೆ. ಅದು ಅವರ ಮನೆ. ಅವರಿಲ್ಲದಾಗ ಹಾಕಿಸಿಡಬೇಡಿ. ಬಣ್ಣ, ಆಕಾರ, ಜಾಗ ಅವರೇ ಆರಿಸಲಿ. ಮರದ ಕೈಕಂಬಿ ಓಣಿಯ ಗೋಡೆಗೆ ಅಲಂಕಾರದ ಪಟ್ಟಿಯಂತೆಯೇ ಕಾಣುತ್ತದೆ. ಟವೆಲ್ ಕಂಬಿಯಂತೆ ಕಂಡರೂ ದೇಹಭಾರ ತಡೆಯುವಂಥದ್ದು ಸಿಗುತ್ತದೆ, ತಡೆಯುವ ತೂಕ ಬರೆದಿರುವುದನ್ನೇ ತನ್ನಿ. "ಬೀಳುತ್ತೀರಿ" ಎನ್ನುವ ಬದಲು "ಒಬ್ಬರೇ ಸ್ನಾನ ಮಾಡಬಹುದು" ಎಂದರೆ ಕಿವಿಗೊಡುತ್ತಾರೆ, ಯಾಕೆಂದರೆ ಅವರಿಗೆ ಬೇಕಾಗಿರುವುದು ಅದೇ. ಮನೆ ಮಂದಿಯೆಲ್ಲ ಆ ಕಂಬಿ ಹಿಡಿದು ಓಡಾಡಲಿ.

ಒಮ್ಮೆ ಮಾಡಿಸಿದರೆ ಮುಗಿಯಿತೇ?

ಆರು ತಿಂಗಳಿಗೊಮ್ಮೆ, ಜೊತೆಗೆ ಪ್ರತಿ ಆಸ್ಪತ್ರೆವಾಸ, ಹೊಸ ಔಷಧಿ, ಹೊಸ ಕನ್ನಡಕದ ನಂತರ ಆ ರಾತ್ರಿಯ ದಾರಿಯನ್ನು ಮತ್ತೆ ನಡೆದು ನೋಡಿ. ಕಂಬಿ ಜಗ್ಗಿ ನೋಡಿ, ರಬ್ಬರು ಬಿರಡೆ ತಿರುಗಿಸಿ ನೋಡಿ, ಬ್ಯಾಟರಿ ಬದಲಿಸಿ. ಗೋಡೆಯ ಮೇಲೆ ಹೊಸ ಜಾಗದಲ್ಲಿ ಕೈಗುರುತು ಕಂಡರೆ ಅಲ್ಲಿಗೂ ಒಂದು ಕಂಬಿ ಹಾಕಿಸಿ.